ನಿಚ್ಚಣಿಕೆ ಇಲ್ಲದ ನಕ್ಷೆ

ಅಫ್ಸರ ಮೊಬೈಲಿನ ಪರದೆಯನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಮೇಜಿನ ಮೇಲೆ ಇಟ್ಟ.

"ಇಂಥಾ ಮನಿ ಬೇಕ್ರಿ ಅಕ್ಕಾರ. ಇದರಂಗ ಅಲ್ಲ, ಇದ ಬೇಕು."

ಫೋಟೋದಲ್ಲಿ ಬೋಳು ಗುಡ್ಡದ ಬುಡದಲ್ಲಿ ಒಂದು ಮನೆ ಒಂಟಿಯಾಗಿ ನಿಂತಿತ್ತು. ಮಣ್ಣಿನ ದಪ್ಪ ಗೋಡೆ, ಅಂಗೈಯಷ್ಟು ಕಿಟಕಿಗಳು. ಮೇಲೆ ಕೆಂಪು ಬಣ್ಣದ ತಗಡಿನ ಚಾವಣಿ ಎರಡೂ ಬದಿಗೆ ಕಡಿದಾಗಿ ಇಳಿದಿತ್ತು. ಸುತ್ತ ಸೊಂಟದೆತ್ತರಕ್ಕೆ ಹಿಮ.

"ಎಲ್ಲೀದಿದು?"

"ನಮ್ಮಾಕಿ ತವರುಮನಿರಿ. ದ್ರಾಸ್ ಹಂತ್ಯಾಕ ಒಂದು ಹಳ್ಳಿ, ಕಾರ್ಗಿಲ್ ಕಡೆ."

ಅಫ್ಸರ ಇಳಕಲ್‌ನ ಗ್ರಾನೈಟ್ ಕೆಲಸಗಾರ. ನೆಲಕ್ಕೆ ಕಲ್ಲು ಕೂಡಿಸುವುದರಲ್ಲಿ ಅವನ ಕೈ ಒಳ್ಳೆಯದೆಂದು ದೂರದೂರದಿಂದ ಕರೆಯುತ್ತಿದ್ದರು. ಹಾಗೆ ಒಮ್ಮೆ ಹೋಟೆಲೊಂದರ ಕೆಲಸಕ್ಕೆಂದು ಕಾಶ್ಮೀರಕ್ಕೆ ಹೋದವನು, ಅಲ್ಲಿಂದ ಇನ್ನೊಂದು ಕೆಲಸಕ್ಕೆ ಕಾರ್ಗಿಲ್ ಕಡೆ ಹೋಗಿ, ಉಳಿದುಕೊಂಡಿದ್ದ ಮನೆಯವರ ಮಗಳನ್ನು ಮದುವೆಯಾಗಿ ಕರೆತಂದಿದ್ದ. ಆಕೆಯ ಹೆಸರು ಅರ್ಜು. ಆರು ವರ್ಷದಿಂದ ಇಬ್ಬರೂ ಇಳಕಲ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದರು. ಈಗ ಗುಡೂರಿನಲ್ಲಿದ್ದ ಅವನ ಅಜ್ಜ ಮುರ್ತುಜಸಾಬರ ಮನೆ ಅವನ ಪಾಲಿಗೆ ಬಂದಿತ್ತು. ಅದನ್ನು ಕೆಡವಿ ಹೊಸದು ಕಟ್ಟಬೇಕಿತ್ತು.

ಒಳಗಿನ ಕೋಣೆಯಿಂದ ಬಂದ ನಮ್ಮ ಇಂಜಿನಿಯರ್ ಶಂಕರಲಿಂಗ ಸರ್ ನನ್ನ ಭುಜದ ಮೇಲಿಂದ ಬಗ್ಗಿ ಫೋಟೋ ನೋಡಿದರು.

"ಲೇ ಅಫ್ಸರ, ಗುಡೂರಾಗ ಬರ್ಫ ಬೀಳೂದು ಯಾವಾಗ, ಶ್ರಾವಣದಾಗೊ ಕಾರ್ತಿಕದಾಗೊ?"

"ಬೀಳಂಗಿಲ್ರಿ ಸಾಹೇಬ್ರ. ಬಿದ್ದಿದ್ರ ಈ ಮನಿ ಯಾಕ ಬೇಕಾಗತಿತ್ತು."

ಸರ್ ನಕ್ಕರು. ಅಫ್ಸರ ನಗಲಿಲ್ಲ. ಅವರು ಒಳಗೆ ಹೋದ ಮೇಲೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ.

"ಆಕಿ ಒಂದಿನಾನೂ ಊರಿಗೆ ಹೋಗೂಣು ಅಂದಿಲ್ರಿ. ಏನೂ ಕೇಳೂದಿಲ್ಲ. ಚಳಿಗಾಲದಾಗ ಅವರಣ್ಣ ವಿಡಿಯೋ ಕಳಸ್ತಾನ, ನೋಡ್ತಾಳ. ನೋಡಿ ಫೋನ್ ಬೋರಲ ಇಟ್ಟು ಒಲಿ ಮುಂದ ಹೋಗಿ ಕುಂದರ್ತಾಳ. ಜಗಳ ಮಾಡಿದ್ರ ಚಲೋ ಇತ್ತು. ಸುಮ್ಮನಿರ್ತಾಳಲ್ರಿ, ಅದ ನನಗ ತ್ರಾಸು. ಅಲ್ಲಿ ಮನಿ ಇಲ್ಲಿ ಎದ್ದು ನಿಂತ್ರ ಆಕಿ ಜೀವಕ್ಕ ಒಂದೀಟು ಸಮಾಧಾನ ಆದೀತು ಅಂತ."

"ತಗಡಿನ ಕೆಳಗ ಏಪ್ರಿಲ್‌ದಾಗ ಕುಂದ್ರಾಕ ಆಗಂಗಿಲ್ಲ, ಅಫ್ಸರ."

"ಅದಕ್ಕೇನರ ಮಾಡ್ರಿ. ನೀವು ಓದಿದವರು."

ಹಗಲು ಸೀರೆ ಅಂಗಡಿಯಲ್ಲಿ ಕೂತು, ಸಂಜೆ ಕಾಲೇಜಿನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ನಕ್ಷೆ ಬರೆಯುವ ಈ ಕೆಲಸಕ್ಕೆ ಸೇರಿದವಳು ನಾನು. ಓದಿದವಳು ಎಂದು ಯಾರಾದರೂ ಅಂದರೆ ಅವರ ಕೆಲಸವನ್ನು ಇನ್ನೆರಡು ಸಲ ತಿದ್ದಬೇಕೆನಿಸುತ್ತದೆ. ಹಿಮದ ಸೀಮೆಯ ಮನೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಚಾವಣಿ ಕಡಿದಾಗಿದ್ದರೆ ಹಿಮ ತಾನಾಗಿ ಜಾರಿ ಬೀಳುತ್ತದೆ, ಭಾರ ನಿಲ್ಲುವುದಿಲ್ಲ. ಜಾರುವ ಬದಿಯ ಕೆಳಗೆ ಬಾಗಿಲು ಇಡಬಾರದು. ಹೊರಬಾಗಿಲು ಒಳಮುಖವಾಗಿ ತೆರೆಯಬೇಕು, ಇಲ್ಲದಿದ್ದರೆ ರಾತ್ರಿ ಬಿದ್ದ ಹಿಮ ಬೆಳಿಗ್ಗೆ ಮನೆಯವರನ್ನು ಒಳಗೇ ಕೂಡಿಹಾಕುತ್ತದೆ. ಬಾಗಿಲು ದಾಟಿದ ಕೂಡಲೇ ಇನ್ನೊಂದು ಬಾಗಿಲಿರುವ ಪುಟ್ಟ ಕೋಣೆ, ಚಳಿ ಅಲ್ಲೇ ನಿಲ್ಲಲಿ ಎಂದು. ಅಡುಗೆಮನೆ ಮಧ್ಯದಲ್ಲಿ, ಉಳಿದ ಕೋಣೆಗಳು ಅದಕ್ಕೆ ಕಂಬಳಿ ಹೊದಿಸಿದ ಹಾಗೆ ಸುತ್ತಲೂ. ಕಿಟಕಿಗಳು ಬಿಸಿಲು ಬರುವ ದಿಕ್ಕಿಗೆ ಮಾತ್ರ.

ಇದೆಲ್ಲ ಗುಡೂರಿಗೆ ಬೇಕಾಗಿರಲಿಲ್ಲ. ಆದರೂ ಬಿಡಲು ಮನಸ್ಸಾಗದೆ ಎಲ್ಲವನ್ನೂ ಹಾಕಿದೆ. ತಗಡಿನ ಕೆಳಗೆ ಬಿಸಿ ತಡೆಯುವ ಪದರವನ್ನೂ ಸೇರಿಸಿದೆ. ಒಲೆಯ ಪಕ್ಕದ ಗೆರೆ ಎಳೆಯುವಾಗ ಆಕೆ ಇಲ್ಲಿ ಕೂರುತ್ತಾಳೆ ಅಂದುಕೊಳ್ಳುತ್ತಿದ್ದೆ. ಆಕೆಯನ್ನು ನಾನಿನ್ನೂ ನೋಡಿರಲಿಲ್ಲ.

ನಕ್ಷೆ ತಯಾರಾದಾಗ ಅಫ್ಸರ ಹೆಂಡತಿಯನ್ನು ಕರೆತಂದ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೆನ್ನೆಯ ಮೇಲೆ ಎಂದೋ ಚಳಿಗೆ ಒಡೆದು ಉಳಿದ ಕೆಂಪು. ಓಣಿಯ ಹೆಂಗಸರಿಂದ ಕಲಿತ ಕನ್ನಡ ಅವಳದು. ಮಾತು ನಮ್ಮದೇ, ರಾಗ ಮಾತ್ರ ಬೇರೆ. ನಾನು ಒಂದೊಂದೇ ಕೋಣೆ ತೋರಿಸಿದೆ. ಅಫ್ಸರ ನನಗಿಂತ ಮೊದಲೇ ವಿವರಿಸುತ್ತಿದ್ದ.

"ಇಲ್ಲಿ ನೋಡು, ಡಬಲ್ ಬಾಗಲಾ. ನಿಮ್ಮ ಮನ್ಯಾಗ ಇದ್ದಂಗ."

"ಚಲೋ ಐತ್ರಿ," ಎಂದಳು ಅರ್ಜು. ಅವಳ ಬೆರಳು ಕೆಂಪು ಚಾವಣಿಯ ಚಿತ್ರದ ಮೇಲೆ ಬಂದು ನಿಂತಿತು. "ಮ್ಯಾಲೆ ಹೋಗಾಕ ನಿಚ್ಚಣಿಕಿ ಎಲ್ಲೈತ್ರಿ, ಅಕ್ಕಾರ?"

"ಇದರ ಮ್ಯಾಲೆ ಯಾರೂ ಹೋಗಂಗಿಲ್ಲವಾ. ಇಳಿಜಾರ ಐತಲ್ಲ. ಕಾಲ ನಿಲ್ಲಂಗಿಲ್ಲ."

"ಹೌದಲ್ಲ," ಎಂದು ಬೆರಳು ತೆಗೆದಳು. "ಹೌದು. ಚಲೋ ಐತಿ."

ಅಫ್ಸರ ಖುಷಿಯಲ್ಲಿದ್ದ. ಬರುವ ಸೋಮವಾರ ಹಳೆಯ ಮನೆ ಕೆಡವಲು ಜೆಸಿಬಿಯವನಿಗೆ ಹೇಳಿದ್ದೇನೆ, ಅದಕ್ಕೆ ಮೊದಲು ನೀವೊಮ್ಮೆ ಬಂದು ಜಾಗ ಅಳೆದುಬಿಡಿ ಎಂದ. ಅಲ್ಲಿಯ ತನಕ ಅವನು ಕೊಟ್ಟ ಅಳತೆಯ ಮೇಲೇ ನಾನು ನಕ್ಷೆ ಮಾಡಿದ್ದೆ.

ಸಂಜೆ ಮನೆಗೆ ಹೋಗಲು ಹುನಗುಂದದ ಬಸ್ಸಿನಲ್ಲಿ ಕೂತಾಗಲೂ ಆ ಪ್ರಶ್ನೆ ಬಿಡಲಿಲ್ಲ. ಮನೆಯ ನಕ್ಷೆ ನೋಡಿದ ಹೆಂಗಸರು ಕಪಾಟು ಎಲ್ಲಿ, ಬಟ್ಟೆ ಒಗೆಯುವ ಕಲ್ಲು ಎಲ್ಲಿ, ದೇವರ ಮಾಡ ಎಲ್ಲಿ ಎಂದು ಕೇಳುತ್ತಾರೆ. ಹಿಮದ ಊರಿನವಳು, ಹಿಮ ಜಾರುವ ಚಾವಣಿಯ ಕೆಳಗೆ ಬೆಳೆದವಳು, ಅದರ ಮೇಲೆ ಹತ್ತುವ ದಾರಿಯನ್ನು ಯಾಕೆ ಕೇಳಬೇಕು? ನಾನೇ ಎಲ್ಲೋ ತಪ್ಪಿದ್ದೇನೆ ಅನ್ನಿಸಿತು. ಮರುದಿನ ಸರ್‌ಗೆ ಹೇಳಿದೆ.

"ವಿದ್ಯಾ, ಅವರು ಕೇಳಿದ್ದನ್ನ ಕೊಟ್ಟೀ. ಆಕಿ ಚಲೋ ಐತಿ ಅಂದಾಳ. ಇನ್ನ ಏನು ಹುಡುಕ್ತಿ?" ಎಂದರು.

ರವಿವಾರ ಬೆಳಿಗ್ಗೆ ಅಫ್ಸರ ತನ್ನ ಗಾಡಿಯಲ್ಲಿ ನನ್ನನ್ನು ಹುನಗುಂದದಿಂದ ಹತ್ತಿಸಿಕೊಂಡ. ಅರ್ಜುವೂ ಇದ್ದಳು. ಅಮೀನಗಡದಲ್ಲಿ ನಿಲ್ಲಿಸಿ ಅವನು ಕರದಂಟು ತಂದ. ಅರ್ಜು ಒಂದು ತುಂಡನ್ನು ಬಾಯಲ್ಲಿಟ್ಟು ಬಹಳ ಹೊತ್ತು ಹಾಗೇ ಚೀಪಿದಳು.

"ಹಲ್ಲಿಲ್ಲದವರಂಗ ತಿಂತಾಳ ನೋಡ್ರಿ," ಎಂದು ಅಫ್ಸರ ಕಾಡಿದ.

"ಲಗೂನ ತಿಂದ್ರ ಲಗೂನ ಮುಗೀತೈತಿ," ಎಂದಳು ಅವಳು. "ನಮ್ಮ ಕಡೆ ಥಂಡಿಯೊಳಗ ಒಣ ಜರ್ದಾಳು ಹಣ್ಣು ಹಿಂಗ ಇಟ್ಟಕೊಂಡು ಕುಂದರ್ತೇವಿ. ಹೊರಗ ಹೋಗಾಕ ಬರಂಗಿಲ್ಲ, ಬಾಯಿಗೆ ಏನರ ಕೆಲಸ ಬೇಕಲ್ಲ."

ಮುರ್ತುಜಸಾಬರ ಮನೆ ಗುಡೂರಿನ ಹಳೆಯ ಓಣಿಯಲ್ಲಿತ್ತು. ಮನೆ ಒಂಟಿಯಾಗಿರಲಿಲ್ಲ. ಓಣಿಯ ಮನೆಗಳೆಲ್ಲ ಗೋಡೆಗೆ ಗೋಡೆ ಕೂಡಿಕೊಂಡು, ಸಪಾಟಾದ ಮಣ್ಣಿನ ಮಾಳಿಗೆಗೆ ಮಾಳಿಗೆ ಹತ್ತಿಕೊಂಡು ನಿಂತಿದ್ದವು. ಫೋಟೋ ನೋಡಿ ನಾನು ಚಾವಣಿಯನ್ನು ಎರಡೂ ಬದಿಗೆ ಇಳಿಸಿದ್ದೆ. ಅದರ ಮಳೆನೀರು ಎಲ್ಲಿ ಬೀಳುತ್ತದೆ ಎಂದು ಕೇಳಿರಲಿಲ್ಲ.

ಬಹಳ ವರ್ಷ ಆ ಮನೆಯನ್ನು ಯಾರೋ ಮೇವು ತುಂಬಲು ಬಾಡಿಗೆಗೆ ಹಿಡಿದಿದ್ದರು. ಅರ್ಜು ಒಮ್ಮೆಯೂ ಒಳಗೆ ಬಂದಿರಲಿಲ್ಲವಂತೆ. ಈಗ ಖಾಲಿಯಾಗಿತ್ತು. ಬಾಗಿಲು ತಗ್ಗು, ಮೂವರೂ ತಲೆ ಬಗ್ಗಿಸಿ ಒಳಹೊಕ್ಕೆವು. ಹೊರಗೆ ಮಾರ್ಚಿನ ಬಿಸಿಲು, ಒಳಗೆ ಬಾವಿಯ ಹತ್ತಿರ ನಿಂತಂಥ ತಂಪು. ಬಾಗಿಲ ಪಕ್ಕದಲ್ಲೇ ದನ ಕಟ್ಟುವ ಜಾಗ, ಕಲ್ಲಿನ ಗೋದಲಿ. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಪಡಸಾಲೆ. ಅದರ ಹಿಂದೆ, ಎಲ್ಲ ಕೋಣೆಗಳ ನಡುವೆ, ಕಿಟಕಿಯೇ ಇಲ್ಲದ ಅಡುಗೆಮನೆ. ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನ ಹಾಗೆ ನೇರ ಒಲೆಯ ಮುಂದೆ ಬಿದ್ದಿತ್ತು.

ನಾನು ಟೇಪು ಬಿಚ್ಚಿದೆ. ಅಫ್ಸರ ಇನ್ನೊಂದು ತುದಿ ಹಿಡಿದುಕೊಂಡ. ಗೋಡೆಯ ದಪ್ಪ ಅಳೆದಾಗ ನನ್ನ ಕೈ ನಿಂತಿತು. ನಾನು ನಕ್ಷೆಯಲ್ಲಿ ಕಷ್ಟಪಟ್ಟು ಕೂಡಿಸಿದ್ದು ಇಲ್ಲಿ ಆಗಲೇ ಇತ್ತು. ದಪ್ಪ ಗೋಡೆ, ಸಣ್ಣ ಕಿಟಕಿ, ಮಧ್ಯದಲ್ಲಿ ಒಲೆ. ಅಲ್ಲಿ ಚಳಿ ಒಳಗೆ ಬಾರದಿರಲಿ ಎಂದು ಕಟ್ಟುತ್ತಾರೆ, ಇಲ್ಲಿ ಬಿಸಿಲು ಬಾರದಿರಲಿ ಎಂದು ಕಟ್ಟಿದ್ದರು.

ತಿರುಗಿ ನೋಡಿದರೆ ಅರ್ಜು ಗೋದಲಿಯ ಅಂಚಿನ ಮೇಲೆ ಕೈಯಿಟ್ಟು ನಿಂತಿದ್ದಳು. ಎಮ್ಮೆಗಳು ಕುತ್ತಿಗೆ ಉಜ್ಜಿ ಉಜ್ಜಿ ಆ ಕಲ್ಲು ನುಣುಪಾಗಿತ್ತು. ಅಲ್ಲಿಂದ ಮೆಲ್ಲಗೆ ಬಂದು ಬೆಳಕಿಂಡಿಯ ಕೆಳಗೆ ನಿಂತು ಮೇಲೆ ನೋಡಿದಳು. ಬಿಸಿಲು ಮುಖದ ಮೇಲೆ ಬಿದ್ದು ಕಣ್ಣು ಮುಚ್ಚಿಕೊಂಡಳು.

"ಮ್ಯಾಲೆ ಹೋಗಬಹುದಾ?" ಎಂದಳು.

"ಧೂಳಾಗ ಏನೈತಿ ಅಲ್ಲಿ? ನಾಳೆ ಎಲ್ಲಾ ಕೆಳಗ ಬರತೈತಿ," ಎಂದ ಅಫ್ಸರ. ಆದರೂ ಹಿತ್ತಿಲಲ್ಲಿ ಒರಗಿಸಿದ್ದ ನಿಚ್ಚಣಿಕೆಯನ್ನು ಅಲುಗಿಸಿ, ಗಟ್ಟಿಯಿದೆಯೋ ನೋಡಿ, ಹಿಡಿದುಕೊಂಡ. ಅವಳು ಸೀರೆ ಎತ್ತಿ ಕಟ್ಟಿ ಚಕಚಕನೆ ಹತ್ತಿದಳು. ಹಿಂದೆ ನಾನು.

ಮಾಳಿಗೆಯ ಮಣ್ಣು ಮಳೆಗಾಲಗಳನ್ನು ಕಂಡು ಅಲ್ಲಲ್ಲಿ ಬಿರಿದಿತ್ತು, ಮೂಲೆಯಲ್ಲಿ ಹುಲ್ಲು ಒಣಗಿ ನಿಂತಿತ್ತು. ಸುತ್ತಲೂ ಮಾಳಿಗೆಗಳು, ನಡುನಡುವೆ ಮೊಣಕಾಲೆತ್ತರದ ಗೋಡೆಗಳು. ಅರ್ಜು ಕಾಲಿನಿಂದ ಮಣ್ಣನ್ನು ಒತ್ತಿ ನೋಡಿದಳು. ಚಪ್ಪಲಿ ಬಿಟ್ಟು ಮತ್ತೊಮ್ಮೆ ಒತ್ತಿದಳು.

"ಕೆಳಗ ಏನು ಹಾಕ್ಯಾರ್ರಿ ಇದಕ್ಕ?"

"ತೊಲಿ, ಅದರ ಮ್ಯಾಲೆ ಜಂತಿ, ಅದರ ಮ್ಯಾಲೆ ಕಟಗಿ ಚಕ್ಕಿ, ಆಮ್ಯಾಲೆ ಮಣ್ಣು. ಮಳಿಗಾಲಕ್ಕಿಂತ ಮೊದಲ ವರ್ಷಾ ಸವಳು ಮಣ್ಣು ಹಾಕಬೇಕು. ಬೆಳ್ಳನ ಮಣ್ಣದು, ನೀರು ಕೆಳಗ ಬಿಡಂಗಿಲ್ಲ."

ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆಯೂ ಹೀಗೇ ಇತ್ತು. ಅಣೆಕಟ್ಟಿನ ಹಿನ್ನೀರು ಊರನ್ನು ಮುಳುಗಿಸುವ ಮೊದಲು ಅಪ್ಪ ಬಾಗಿಲು, ಕಿಟಕಿ, ತೊಲೆ ಎಲ್ಲವನ್ನೂ ಕಿತ್ತು ಹೊಸ ಊರಾದ ನವನಗರಕ್ಕೆ ತಂದ. ಬೇಸಿಗೆಯಲ್ಲಿ ಮಲಗಿ ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದ ಮಾಳಿಗೆಯನ್ನು ತರುವ ಉಪಾಯ ಯಾರಿಗೂ ಗೊತ್ತಿರಲಿಲ್ಲ.

"ನಮ್ಮಲ್ಲಿ ಸಫೇದಾ ಮರದ ತೊಲಿ," ಎಂದಳು ಅರ್ಜು. "ಅದರ ಮ್ಯಾಲೆ ಸಣ್ಣ ಸಣ್ಣ ಟೊಂಗಿ. ಅದರ ಮ್ಯಾಲೆ ಮಣ್ಣು. ಹಿಂಗ ಸಪಾಟ."

ನಾನು ಅವಳ ಮುಖ ನೋಡಿದೆ. "ಫೋಟೋದಾಗ ಕೆಂಪು ತಗಡು ಐತಲ್ಲ?"

"ಅದು ನಮ್ಮಣ್ಣ ಆಮ್ಯಾಲೆ ಹಾಕಸಿದ್ದು. ನನ್ನ ಲಗ್ನದ ವರ್ಷ. ಇವರು ನಮ್ಮನಿ ನೋಡೂದರಾಗ ತಗಡು ಬಂದಿತ್ತು." ಅವಳು ಕೂತುಕೊಂಡಳು, ನಾನೂ ಕೂತೆ. "ಮೊದಲ ಸಪಾಟ ಇತ್ರಿ. ರಾತ್ರಿ ಬರ್ಫ ಬಿತ್ತಂದ್ರ ಮುಂಜಾನೆ ಎಲ್ಲಾ ಮನಿಯವರೂ ಮ್ಯಾಲೆ ಬರಬೇಕು. ಕಟಗಿ ಸಲಿಕಿ ತಗೊಂಡು ಬರ್ಫ ದೂಡಬೇಕು, ಇಲ್ಲಾಂದ್ರ ಭಾರಕ್ಕ ತೊಲಿ ಮುರೀತೈತಿ. ಓಣಿ ತುಂಬಾ ಬರ್ಫ, ಕೆಳಗ ಯಾರಿಗೂ ಅಡ್ಡಾಡಾಕ ಬರಂಗಿಲ್ಲ. ಮಾಳಿಗಿ ಮ್ಯಾಲೆ ಮಾತ್ರ ಮಂದಿ. ನಾನು, ನಮ್ಮ ಚಾಚಿ, ಬಾಜೂ ಮನಿ ಹುಡಗ್ಯಾರು. ಮುಖ ತುಂಬ ಕಟಗೊಂಡಿರತೇವಿ, ಕಣ್ಣು ನೋಡಿ ಯಾರಂತ ಹೇಳಬೇಕು. ಅವರ ಬರ್ಫ ನಮ್ಮ ಕಡೆ ದೂಡಿದ್ರ ಜಗಳ. ಜಗಳ ಅಂದ್ರ ನಗೂದ. ಬೆಳಕಿಂಡಿಯೊಳಗಿಂದ ಅಮ್ಮ ಒದರತಿದ್ಲು, ಅಂಚಿಗೆ ಹೋಗಬ್ಯಾಡ, ಅಂಚಿಗೆ ಹೋಗಬ್ಯಾಡ. ಅಂಚಿನ ಬರ್ಫ ಕೆಳಗ ಪೊಳ್ಳು ಇರತೈತ್ರಿ, ಕಾಲಿಟ್ರ ಹೋಗತೇವಿ."

ನಿಚ್ಚಣಿಕೆಯ ತುದಿಯಲ್ಲಿ ಅಫ್ಸರನ ತಲೆ ಕಾಣಿಸಿತು. ಅವನು ಅಲ್ಲೇ ನಿಂತ. ಅರ್ಜು ಅವನ ಕಡೆ ಬೆನ್ನು ಮಾಡಿದ್ದಳು.

"ತಗಡು ಬಂದ ಮ್ಯಾಲೆ?" ಎಂದೆ.

"ಬರ್ಫ ತಾನ ಜಾರತೈತಿ. ರಾತ್ರಿ ಮಲಗಿದಾಗ ಧಡಲ್ ಅಂತೈತಿ, ಮುಗೀತು. ಅಣ್ಣನ ನೋಡಿ ಎಲ್ಲಾರೂ ಹಾಕಸಿದ್ರು. ಭಾಳ ಸುಖ ಆತ್ರಿ, ಖರೇನ. ನಮ್ಮ ಅಬ್ಬಾಗ ಸೊಂಟ ನೋವು ಇತ್ತು, ಅವರಿಗೆ ಆರಾಮ ಆತು. ಆದ್ರ ಯಾರೂ ಮ್ಯಾಲೆ ಬರಂಗಿಲ್ಲ. ಥಂಡಿ ಬಿತ್ತಂದ್ರ ಅವರ ಮನ್ಯಾಗ ಅವರು, ನಮ್ಮ ಮನ್ಯಾಗ ನಾವು. ಅಣ್ಣ ವಿಡಿಯೋ ಕಳಸ್ತಾನ, ಕೆಂಪು ತಗಡು ಹ್ಯಾಂಗ ಹೊಳೀತೈತಿ ನೋಡು ಅಂತ. ನೋಡ್ತೇನಿ. ಒಬ್ಬರೂ ಕಾಣಂಗಿಲ್ಲ ಅದರಾಗ."

ಅಫ್ಸರ ಮೇಲೆ ಹತ್ತಿ ಬಂದ. ಕೈಯ ಧೂಳು ಕೊಡವಿದ, ಮತ್ತೆ ಕೊಡವಿದ.

"ಇಷ್ಟು ದಿನ ಯಾಕ ಹೇಳಲಿಲ್ಲ?"

ಅವಳು ಬೆಚ್ಚಿ ತಿರುಗಿದಳು. "ನೀವು ಮಂದಿಗೆಲ್ಲಾ ಫೋಟೋ ತೋರಸ್ತಿದ್ರಿ. ನನ್ನ ಸಲುವಾಗಿ ಅಂತಿದ್ರಿ. ಬ್ಯಾಡ ಅಂತ ಹ್ಯಾಂಗ ಅನ್ನಲಿ?"

ಆಗ ಪಕ್ಕದ ಮಾಳಿಗೆಯ ಗೋಡೆಯ ಆಚೆಯಿಂದ ಒಬ್ಬ ಮುದುಕಿ ಎದ್ದು ನಿಂತಳು. ಮೆಣಸಿನಕಾಯಿ ಒಣಹಾಕಲು ಬಂದವಳು ಕೂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ.

"ಮುರ್ತುಜಸಾಬನ ಮೊಮ್ಮಗ ಹೌದಿಲ್ಲೋ ನೀ? ನಾ ಗುರುಸಿದ್ದವ್ವ. ನೀ ಸಣ್ಣಾವ ಇದ್ದಾಗ ಇದ ಮಾಳಿಗಿ ಮ್ಯಾಲೆ ನನ್ನ ಸಂಡಿಗಿ ತುಡುಗು ಮಾಡಿ ತಿಂತಿದ್ದಿ."

"ಹೌದ್ರಿ ಆಯಿ," ಎಂದ ಅಫ್ಸರ, ಇಷ್ಟು ಹೊತ್ತಿಗೆ ಮೊದಲ ಸಲ ನಗುತ್ತ.

"ಕೆಂಪು ತಗಡು ಹಾಕಸ್ತೀ ಅಂತಲ್ಲ. ಹಾಕಸಪಾ, ಕಣ್ಣಿಗೆ ಚಲೋ ಕಾಣತೈತಿ. ಅದರ ನೀರು ಎಲ್ಲಿ ಬಿಡಾವ? ನನ್ನ ಮಾಳಿಗಿ ಮ್ಯಾಲೆ ಬಿತ್ತಂದ್ರ ನನ್ನ ಮಣ್ಣು ತೊಳಕೊಂಡು ಹೋಗಿ ನಾ ಕೊಡಿ ಹಿಡಕೊಂಡು ಅಡಗಿ ಮಾಡಬೇಕಾಗತೈತಿ."

ಅಫ್ಸರ ನನ್ನ ಕಡೆ ನೋಡಿದ.

"ಅದು ನನ್ನ ತಪ್ಪು," ಎಂದೆ. "ಫೋಟೋದಾಗಿನ ಮನಿಗೆ ಬಾಜೂ ಮನಿ ಇರಲಿಲ್ಲ. ಇಲ್ಲಿ ಐತೇನು ಅಂತ ನಾ ಕೇಳಬೇಕಾಗಿತ್ತು."

"ಅಲ್ಲೂ ಇತ್ರಿ," ಎಂದಳು ಅರ್ಜು ಮೆಲ್ಲಗೆ. "ಬಾಜೂ ಮನಿ. ಚಾಚಿ ಮನಿ. ಅಣ್ಣ ಅದನ್ನ ಬಿಟ್ಟು ಫೋಟೋ ತಗದಾನ."

ಗುರುಸಿದ್ದವ್ವ ಮೆಣಸಿನಕಾಯಿಯ ಮೊರವನ್ನು ಗೋಡೆಯ ಮೇಲಿಟ್ಟು ಅರ್ಜುವನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಈಕಿ ಏನು ಆ ಬರ್ಫಿನ ಸೊಸಿ? ಇಷ್ಟ ಕೆಂಪಗ ಅದಿಯಲ್ಲವಾ, ನಮ್ಮ ಬಿಸಲಿಗೆ ಕರಗಿಲ್ಲಲ್ಲ ಇನ್ನೂ."

"ಆರು ವರ್ಷ ಆತ್ರಿ, ಇನ್ನ ಕರಗಂಗಿಲ್ಲ," ಎಂದಳು ಅರ್ಜು.

"ಹಂಗಾರ ಇದನ್ನ ಹಿಡಿ. ಗಾಳಿ ಬಂತು." ಗುರುಸಿದ್ದವ್ವ ಮೊರವನ್ನು ಗೋಡೆಯ ಈಚೆ ದಾಟಿಸಿದಳು. ಅರ್ಜು ಎದ್ದು ಎರಡೂ ಕೈಯಿಂದ ಹಿಡಿದುಕೊಂಡಳು. ಅಷ್ಟೇ ಆದದ್ದು. ಆದರೆ ಅಫ್ಸರ ಅವಳು ಮೊರ ಹಿಡಿದು ನಿಂತದ್ದನ್ನೇ ನೋಡುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು ಧ್ವನಿ ತಗ್ಗಿಸಿದ.

"ಈ ಮಾಳಿಗಿ ನಿಲ್ತೈತೇನ್ರಿ?"

ಹೌದು ಎನ್ನುವ ಮಾತು ತುಟಿಯ ತನಕ ಬಂದಿತ್ತು. ಮುಂದಿನ ಗೋಡೆ ಹೊಟ್ಟೆ ಬಿಟ್ಟದ್ದನ್ನು ಒಳಗೆ ಬರುವಾಗಲೇ ನೋಡಿದ್ದೆ. ತೊಲೆಯ ತುದಿಗಳು ಗೋಡೆಯ ಒಳಗಿದ್ದವು. ಅಲ್ಲಿ ಗೆದ್ದಲು ಏನು ಮಾಡಿದೆಯೋ ಯಾರಿಗೆ ಗೊತ್ತು. ನನ್ನ ಮಾತು ನಂಬಿ ಇವರು ಕೆಳಗೆ ಮಲಗಿದರೆ?

"ನನಗ ಗೊತ್ತಿಲ್ಲ ಅಫ್ಸರ. ಖರೇನ ಗೊತ್ತಿಲ್ಲ. ಸರ್ ಬಂದು ತೊಲಿ ನೋಡಬೇಕು. ಮುಂದಿನ ಗ್ವಾಡಿ ಅಂತೂ ಬಿಚ್ಚಬೇಕಾಗತೈತಿ. ಇದ್ದಷ್ಟು ದಿನ ವರ್ಷಾ ಮಣ್ಣು ಹಾಕಬೇಕು, ಸ್ಲ್ಯಾಬಿನಂಗ ಮರತು ಕುಂದ್ರಾಕ ಬರಂಗಿಲ್ಲ."

"ಊರಾಗೆಲ್ಲಾ ಕೆಂಪು ತಗಡು ಅಂತ ಹೇಳಕೊಂಡು ತಿರಗೇನಿ," ಎಂದ ಅವನು, ಯಾರಿಗೂ ಅಲ್ಲ ಎಂಬಂತೆ. ಮಾಳಿಗೆಯ ಇನ್ನೊಂದು ಮೂಲೆಗೆ ಹೋಗಿ, ನಮ್ಮ ಕಡೆ ಬೆನ್ನು ಹಾಕಿ ಬಹಳ ಹೊತ್ತು ನಿಂತ. ಅರ್ಜು ಮೊರ ಹಿಡಿದೇ ಇದ್ದಳು. ಕೊನೆಗೆ ಅವನು ಫೋನ್ ತೆಗೆದ.

"ಹಲೋ, ನಾಳೆ ಜೆಸಿಬಿ ತರಬ್ಯಾಡಪಾ. ಇಲ್ಲ, ಮುಂದ ಹಾಕಿಲ್ಲ. ಬ್ಯಾಡ ಅಂತಂದೆ."

ಶಂಕರಲಿಂಗ ಸರ್ ಆ ವಾರವೇ ಬಂದರು. ಸಲಾಕೆಯಿಂದ ತೊಲೆಗಳ ತುದಿ ಚುಚ್ಚಿ ನೋಡಿದರು. ಅಡುಗೆಮನೆಯ ಒಂದು ತೊಲೆ ಗೆದ್ದಲಿಗೆ ಹೋಗಿತ್ತು, ಉಳಿದವು ಗಟ್ಟಿಯಿದ್ದವು. ಕೆಲಸದವರು ಮುಂದಿನ ಗೋಡೆ ಬಿಚ್ಚಿ ಕಟ್ಟಿದರು, ಹಾಳಾದ ತೊಲೆ ಬದಲಿಸಿದರು. ಪಡಸಾಲೆಯ ನೆಲಕ್ಕೆ ಅಫ್ಸರ ತಾನೇ ಕಲ್ಲು ಕೂಡಿಸಿದ. ನಾನು ಹೊಸ ನಕ್ಷೆ ಮಾಡಿದೆ. ಅದರಲ್ಲಿ ಎಲ್ಲಕ್ಕಿಂತ ಮೊದಲು ಹಾಕಿದ್ದು ಮೇಲೆ ಹೋಗುವ ಮೆಟ್ಟಿಲು.

ಮೇ ತಿಂಗಳ ಕೊನೆಗೆ ಮಾಳಿಗೆಗೆ ಮಣ್ಣು ಹಾಕುವ ದಿನ ಕರೆದರು, ಹೋದೆ. ಸಂಜೆಯ ಹೊತ್ತಿಗೆ ಸವಳು ಮಣ್ಣು ಮಾಳಿಗೆಯ ತುಂಬ ಹರಡಿತ್ತು. ಅರ್ಜು ಬಡಿಗನಿಗೆ ಹೇಳಿ ಮಾಡಿಸಿಕೊಂಡ ಅಗಲದ ಕಟ್ಟಿಗೆಯ ಸಲಿಕೆಯಿಂದ ಅದನ್ನು ಸಮ ಮಾಡುತ್ತಿದ್ದಳು. ಆಚೆ ಮಾಳಿಗೆಯಲ್ಲಿ ಗುರುಸಿದ್ದವ್ವ.

"ಆ ಸಲಿಕಿ ತುಗೊಂಡು ನನ್ನ ಕಡೆ ಮಣ್ಣು ದೂಡಬ್ಯಾಡ ಮತ್ತ."

"ನಿಮ್ಮದ ಬಂದೈತ್ರಿ ಆಯಿ ನನ್ನ ಕಡೆ. ಗ್ವಾಡಿ ನೋಡ್ರಿ."

ಅಫ್ಸರ ಬುಟ್ಟಿ ಇಳಿಸಿ, ಬೆವರು ಒರೆಸಿಕೊಂಡು, ಬಿಳಿಯ ಮಾಳಿಗೆಯನ್ನು ನೋಡಿದ. ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದ.

"ಬರ್ಫ ಬಿದ್ದಂಗ ಕಾಣತೈತಿ, ಹೌದಿಲ್ಲ?"

ಅರ್ಜು ಸಲಿಕೆಗೆ ಒರಗಿ ನಿಂತು ನೋಡಿದಳು. ಅವನನ್ನು ಸಂತೋಷಪಡಿಸಲು ಹೌದು ಎನ್ನುತ್ತಾಳೆ ಅಂದುಕೊಂಡೆ.

"ಇಲ್ಲ," ಎಂದಳು. "ಹಂಗೇನ ಕಾಣಂಗಿಲ್ಲ. ಬರ್ಫ ಬ್ಯಾರೆ."

ಅಫ್ಸರ ತಲೆಯಾಡಿಸಿದ. ಅವಳು ಇಲ್ಲ ಎಂದದ್ದು ಅವನಿಗೆ ಬೇಸರ ತಂದಂತೆ ಕಾಣಲಿಲ್ಲ.

ಆಮೇಲೆ ಅವಳು ತಾಯಿಗೆ ವಿಡಿಯೋ ಕರೆ ಮಾಡಿದಳು. ಪರದೆಯಲ್ಲಿ ಮೊದಲು ಬರೀ ಮಬ್ಬು, ನಂತರ ಒಲೆಯ ಬೆಳಕಿನಲ್ಲಿ ಸುಕ್ಕುಗಟ್ಟಿದ ಒಂದು ಮುಖ. ಅರ್ಜು ತಮ್ಮ ಭಾಷೆಯಲ್ಲಿ ಏನೋ ಹೇಳುತ್ತ ಫೋನನ್ನು ಮೆಲ್ಲಗೆ ತಿರುಗಿಸಿದಳು. ಮಣ್ಣು, ಸಲಿಕೆ, ಬೆಳಕಿಂಡಿ, ಗೋಡೆಯ ಆಚೆಯ ಗುರುಸಿದ್ದವ್ವ, ಅದರಾಚೆಯ ಮಾಳಿಗೆಗಳು. ಗುರುಸಿದ್ದವ್ವ ಸೆರಗು ಸರಿಮಾಡಿಕೊಂಡು, "ಆರಾಮ ಅದೀರೇನ್ರಿ ಬೀಗತಿ?" ಎಂದು ಫೋನಿಗೆ ಕೂಗಿದಳು. ಓಣಿಯನ್ನು ತೋರಿಸಲು ಅರ್ಜು ಮುಂದೆ ಮುಂದೆ ನಡೆದಳು. ಫೋನಿನಲ್ಲಿ ತಾಯಿ ಒಮ್ಮೆಲೇ ಜೋರಾಗಿ ಏನೋ ಅಂದಳು.

ಅರ್ಜು ಅಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿ ಬಂದಿದ್ದವು.

"ಏನಂತಾರ ಅಮ್ಮ?" ಎಂದ ಅಫ್ಸರ ಗಾಬರಿಯಿಂದ.

"ಅಂಚಿಗೆ ಹೋಗಬ್ಯಾಡ ಅಂತಾಳ."

ಕೆಳಗೆ ಓಣಿಯಲ್ಲಿ ಬರೀ ಬಿಸಿಲಾರಿದ ನೆಲವಿತ್ತು. ಅರ್ಜು ಫೋನನ್ನು ಎದೆಗೆ ಒತ್ತಿಕೊಂಡು ಅಂಚಿನಿಂದ ಹಿಂದೆ ಸರಿದು ನಿಂತಳು.